ಏಳನೇ ಖಾನೆ

ಮಂಗಳವಾರ ಬೆಳಿಗ್ಗೆ ಹತ್ತರ ಸುಮಾರಿಗೆ ಬೇಕರಿಯವನು ಮೊಣಕೈವರೆಗೂ ಹಿಟ್ಟು ಮೆತ್ತಿಕೊಂಡೇ ಮೊಟ್ಟೆ ಮಂಡಿಯ ಮೆಟ್ಟಿಲು ಹತ್ತಿ ಬಂದ. ಕಂಕುಳಲ್ಲಿ ಒಂದು ಟ್ರೇ ಇತ್ತು, ಅದರ ಮೇಲೆ ಒರೆಸುವ ಬಟ್ಟೆ ಹೊದಿಸಿತ್ತು. ಗಲ್ಲಾದ ಮುಂದೆ ಕೂತಿದ್ದ ಸೊಸೆಯ ಎದುರಿಗೆ ಟ್ರೇ ಇಟ್ಟು ಬಟ್ಟೆ ಸರಿಸಿದ.

"ಏನಮ್ಮಾ, ನಿಮ್ಮ ಕೋಳಿಗಳು ಈಗೀಗ ನೋಟು ಇಡೋಕೆ ಶುರು ಮಾಡಿದ್ವಾ?"

ಮೊಟ್ಟೆ ಕೂರಬೇಕಾದ ಗುಳಿಗಳಲ್ಲಿ ಹನ್ನೊಂದು ಪುಟ್ಟ ಬಟ್ಟೆಗಂಟುಗಳು ಕೂತಿದ್ದವು. ಒಂದೊಂದಕ್ಕೂ ಒಂದೊಂದು ಬಗೆಯ ಗುಂಡಿ ಹೊಲಿದಿತ್ತು. ಕೆಂಪು ಗುಂಡಿ, ಬಿಳಿ ಗುಂಡಿ, ಕೋಟಿನ ದಪ್ಪ ಗುಂಡಿ, ಮಕ್ಕಳ ಅಂಗಿಯ ಮೀನಿನಾಕಾರದ ಗುಂಡಿ. ಎರಡಕ್ಕೆ ಹಳದಿ ಲೋಳೆ ಅಂಟಿ ಒಣಗಿತ್ತು. ಒಂದು ಗಂಟು ಸಡಿಲಾಗಿ, ಮಡಿಸಿದ ನೋಟಿನ ಅಂಚು ಹೊರಗೆ ಇಣುಕುತ್ತಿತ್ತು.

"ಈ ಟ್ರೇ ಒಡಕು ಮೊಟ್ಟೆಗಳ ಅಟ್ಟಿಯ ತಳದಲ್ಲಿತ್ತು," ಅಂದ ಬೇಕರಿಯವನು. "ನಾನು ಬಿಚ್ಚಲಿಲ್ಲ. ಅದೊಂದು ತಾನಾಗೇ ಬಿಚ್ಚಿಕೊಳ್ತು. ಇನ್ನೊಂದು ಚೂರು ತಡವಾಗಿದ್ರೆ ಕೇಕಿನ ಹಿಟ್ಟಿಗೆ ಬೀಳ್ತಿತ್ತು. ನೋಡ್ಕೊಳ್ಳಿ, ಸರಿ ಇದೆಯಾ ಅಂತ."

ಸೊಸೆಗೆ ಏನು ನೋಡಬೇಕೆಂದೇ ತಿಳಿಯಲಿಲ್ಲ. ಈ ಮನೆಗೆ ಬಂದು ಎಂಟು ವರ್ಷವಾಗಿತ್ತು. ಎಂಟು ವರ್ಷವೂ ಇದೇ ಗಲ್ಲಾದ ಮುಂದೆ ಕೂತಿದ್ದಳು. ಇಂಥ ಗಂಟೊಂದನ್ನು ಅವಳು ಕಂಡವಳಲ್ಲ. ಅಷ್ಟರಲ್ಲಿ ಬಚ್ಚಲಿನಿಂದ ಅತ್ತೆ ತಲೆ ಒರೆಸಿಕೊಳ್ಳುತ್ತ ಬಂದರು. ಟ್ರೇ ಕಂಡವರೇ ಬಾಗಿಲಲ್ಲಿ ನಿಂತರು. ಆಮೇಲೆ ಬಂದು ಅದನ್ನು ಎತ್ತಿ ಸೊಂಟಕ್ಕೆ ಒತ್ತಿಕೊಂಡರು. "ಕೂತ್ಕೊಳ್ಳಪ್ಪ, ಟೀ ಕುಡ್ಕೊಂಡು ಹೋಗು" ಎಂದು ಬೇಕರಿಯವನಿಗೆ ಹೇಳಿ ಅಡುಗೆಮನೆಗೆ ನಡೆದೇಬಿಟ್ಟರು.

ಮೊಟ್ಟೆ ಮಾರುವ ಆ ಮನೆಯಲ್ಲಿ ಗಟ್ಟಿ ಮೊಟ್ಟೆ ತಿಂದವರಿರಲಿಲ್ಲ. ಒಡೆದದ್ದು, ಬಿರುಕು ಬಿಟ್ಟದ್ದು, ಆಕಾರ ಕೆಟ್ಟದ್ದು ಮನೆಗೆ. ಅವುಗಳ ಟ್ರೇಗಳನ್ನು ಅಡುಗೆಮನೆ ಬಾಗಿಲ ಪಕ್ಕ ಒಂದರ ಮೇಲೊಂದು ಪೇರಿಸುತ್ತಿದ್ದರು. ಅದಕ್ಕೆ ಮನೆ ಅಟ್ಟಿ ಎಂದೇ ಹೆಸರು. ಮನೆ ಅಟ್ಟಿಯನ್ನು ಯಾರೂ ವ್ಯಾನಿಗೆ ಹೇರಬಾರದೆಂಬುದು ಅತ್ತೆ ಮದುವೆಯಾಗಿ ಬಂದ ವರ್ಷ ಮಾಡಿದ ಕಟ್ಟಳೆ. ಆ ಮಂಗಳವಾರ ಬೇಕರಿಯಿಂದ ಅರ್ಜೆಂಟಾಗಿ ಒಡಕು ಮೊಟ್ಟೆ ಬೇಕೆಂದು ಫೋನು ಬಂದಿತ್ತು. ಅತ್ತೆ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದರು. ಸೊಸೆಯ ಗಂಡ, ಅಂದರೆ ಈ ಮನೆಯ ಒಬ್ಬನೇ ಮಗ, ಅಟ್ಟಿಯನ್ನು ಬುಡಸಮೇತ ಎತ್ತಿ ವ್ಯಾನಿಗೆ ಹಾಕಿಬಿಟ್ಟಿದ್ದ.

ಮಧ್ಯಾಹ್ನ ಊಟಕ್ಕೆ ಕೂತಾಗ ಮಾತು ಬಂತು.

"ಯಾರದಮ್ಮ ಅದು?" ಎಂದ ಮಗ.

"ಹೆಂಗಸರದು."

"ಯಾವ ಹೆಂಗಸರು?"

"ಮೊಟ್ಟೆ ತರೋ ಹೆಂಗಸರು ಕಣೋ. ಇನ್ಯಾವ ಹೆಂಗಸರು ಬರ್ತಾರೆ ಇಲ್ಲಿಗೆ?" ಅತ್ತೆ ಮೊಮ್ಮಗಳ ತಟ್ಟೆಗೆ ಆಮ್ಲೆಟ್ಟು ಹರಿದು ಹಾಕಿದರು. "ಬುಟ್ಟಿ ಇಳಿಸ್ತಾರೆ, ದುಡ್ಡು ತಗೋತಾರೆ. ಅದರಲ್ಲಿ ಒಂದು ಪಾಲು ಮನೆಗೆ, ಒಂದು ಪಾಲು ಇಲ್ಲೇ ಇರಲಿ ದೊಡ್ಡಮ್ಮ ಅಂತಾರೆ. ಇಟ್ಕೊಂಡಿದೀನಿ. ಬೇಕಾದಾಗ ಕೇಳ್ತಾರೆ, ಕೊಡ್ತೀನಿ. ಅಷ್ಟೇ."

"ಎಷ್ಟು ದಿನದಿಂದ?"

"ನೀನು ಹುಟ್ಟಿರಲಿಲ್ಲ."

ಮಾವ ಊಟ ನಿಲ್ಲಿಸಿದರು. ಮಂಡಿಯಲ್ಲಿ ಅವರದು ದೀಪದ ಕೆಲಸ. ತೂತು ಕೊರೆದ ಡಬ್ಬಿಯೊಳಗೆ ಬಲ್ಬು ಉರಿಸಿ, ಒಂದೊಂದೇ ಮೊಟ್ಟೆಯನ್ನು ಆ ತೂತಿಗೆ ಹಿಡಿದು, ಒಳಗೆ ಕೆಟ್ಟಿದೆಯೋ ಇಲ್ಲವೋ ನೋಡಿ ಬೇರೆ ಮಾಡುವುದು.

"ಆ ಅಟ್ಟಿಯಿಂದ ನನ್ನ ಕುರ್ಚಿಗೆ ಮೂರು ಮಾರು," ಎಂದರು ಮಾವ. "ಮೂವತ್ತು ವರ್ಷ ಅಲ್ಲೇ ಕೂತಿದೀನಿ. ಈ ಊರಿನ ಪ್ರತಿ ಮೊಟ್ಟೆ ಹೊಟ್ಟೇಲಿ ಏನಿದೆ ಅಂತ ನನಗೆ ಗೊತ್ತು. ನನ್ನ ಹೆಂಡ್ತಿ ಹೊಟ್ಟೇಲಿ ಏನಿದೆ ಅಂತ ಗೊತ್ತಿಲ್ಲ."

"ನಿಮಗೆ ಹೇಳಿದ್ರೆ ಟೀ ಅಂಗಡಿಗೆ ಹೇಳಿದ ಹಾಗೆ."

ಸೊಸೆ ನಗು ತಡೆದುಕೊಂಡು ನೀರು ತರಲು ಎದ್ದಳು. ಗಂಡ ಮಾತ್ರ ನಗಲಿಲ್ಲ. "ನಗೋ ವಿಷಯ ಅಲ್ಲ ಇದು. ಬೇಕರಿಯವನು ಒಳ್ಳೆಯವನು, ತಂದ. ಬೇರೆಯವನಾಗಿದ್ರೆ? ಹನ್ನೊಂದು ಜನ ನಮ್ಮ ಬಾಗಿಲಿಗೆ ಬಂದು ಕೂರ್ತಿದ್ರು. ತುಂಬಿಕೊಡಬೇಕಾದವನು ಯಾರು? ನಾನು. ನಂಗೇ ಗೊತ್ತಿಲ್ಲದ ದುಡ್ಡಿಗೆ ನಾನು ಹೊಣೆ. ಅಂಗಡಿ ದುಡ್ಡೂ ಅಷ್ಟೇ, ಬಿಸ್ಕತ್ ಡಬ್ಬೀಲಿ ಇಡ್ತೀವಿ. ಒಂದು ತಿಜೋರಿ ತರ್ತೀನಿ. ಸರಿಯಾದ್ದು."

ಅತ್ತೆ ಇಲ್ಲ ಎನ್ನಲಿಲ್ಲ. ತಪ್ಪು ತಮ್ಮ ಟ್ರೇಯಿಂದಲೇ ಆಗಿತ್ತಲ್ಲ.

ತಿಜೋರಿ ಮಾರುವವನು ಶನಿವಾರ ಬಂದ. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಅಗಲದ ಟ್ಯಾಬು. ಮೊಟ್ಟೆಗಳ ನಡುವೆ ಎಲ್ಲಿ ಕಾಲಿಡಬೇಕೆಂದು ತಿಳಿಯದೆ ಕೊಕ್ಕರೆ ಹಾಗೆ ನಡೆದು ಬಂದ. ಟ್ಯಾಬಿನಲ್ಲಿ ಮೂರು ಪೆಟ್ಟಿಗೆ ತೋರಿಸಿದ. ಮೊದಲನೆಯದು ಬರೀ ನಂಬರು ಒತ್ತಿ ತೆಗೆಯುವಂಥದು, ಚಿಕ್ಕದು. "ಇದು ಮನೆಗೆ ಸರಿ, ವ್ಯಾಪಾರಕ್ಕೆ ಸಾಲದು," ಎಂದ. ಮೂರನೆಯದು ನೋಟನ್ನು ತಾನೇ ನುಂಗಿ, ತಾನೇ ಎಣಿಸಿ, ಬ್ಯಾಂಕಿಗೆ ತಿಳಿಸುವಂಥದು. ಅದರ ಬೆಲೆ ಕೇಳಿ ಮಾವ, "ಅದಕ್ಕಿಂತ ಬ್ಯಾಂಕನ್ನೇ ಕೊಂಡ್ಕೊಂಡ್ರೆ ಅಗ್ಗ," ಎಂದರು. ನಡುವಿನದೇ ಅವನು ಮಾರಲು ಬಂದದ್ದು. ಕೆಳಗೆ ಅಂಗಡಿ ದುಡ್ಡಿಗೆ ಒಂದು ದೊಡ್ಡ ಖಾನೆ, ಮೇಲೆ ಹನ್ನೆರಡು ಸಣ್ಣ ಖಾನೆ. ಬೆರಳು ಇಟ್ಟರೆ ತೆರೆಯುತ್ತದೆ. ಇಂಟರ್‌ನೆಟ್ಟಿಗೆ ಸೇರಿಕೊಂಡಿರುತ್ತದೆ. ಯಾವ ಖಾನೆಯನ್ನು ಯಾರು ಎಷ್ಟು ಹೊತ್ತಿಗೆ ತೆರೆದರೂ ಆ ಕ್ಷಣವೇ ಫೋನಿಗೆ ಸುದ್ದಿ ಬರುತ್ತದೆ.

"ತಿಂಗಳು ಇಟ್ಕೊಂಡು ನೋಡಿ. ಹಿಡಿಸಿದ್ರೆ ದುಡ್ಡು ಕೊಡಿ, ಇಲ್ದಿದ್ರೆ ವಾಪಸ್ ತಗೊಂಡು ಹೋಗ್ತೀವಿ," ಎಂದ.

ಅತ್ತೆ ಅಲ್ಲಿಯವರೆಗೆ ಒಡಕು ಮೊಟ್ಟೆ ಆರಿಸುತ್ತ ಕೂತಿದ್ದವರು ತಲೆ ಎತ್ತಿದರು. "ಅದು ಬಾಯಿ ಮುಚ್ಚಿಕೊಂಡು ಇರೋ ಹಾಗೆ ಮಾಡೋಕಾಗುತ್ತಾ?"

"ಅಂದ್ರೆ?"

"ತೆಗೆದ್ರೆ ಯಾರಿಗೂ ಹೇಳದ ಹಾಗೆ."

"ಹೇಳೋದೇ ಅದರ ವಿಶೇಷ ಅಮ್ಮ. ಅದನ್ನ ಆಫ್ ಮಾಡೋಕೆ ಬರಲ್ಲ, ಭದ್ರತೆಗೆ ಅಂತಲೇ ಹಾಗಿಟ್ಟಿದಾರೆ."

"ಯಾರಿಗೆ ಹೇಳುತ್ತೆ?"

"ಮುಖ್ಯ ಬಳಕೆದಾರರು ಅಂತ ಒಬ್ಬರ ಹೆಸರು ಹಾಕ್ತೀವಿ. ಅವರ ಫೋನಿಗೆ."

"ನನ್ನ ಹೆಸರು ಹಾಕಿ," ಎಂದ ಗಂಡ. ಮಾರುವವನು ಬರೆದುಕೊಂಡ. ಮತ್ತೆ ಯಾರ ಹೆಸರು ಹಾಕುತ್ತಾರೆ? ಸೊಸೆಗೂ ಹಾಗೇ ಅನ್ನಿಸಿತ್ತು.

ಪೆಟ್ಟಿಗೆ ಬುಧವಾರ ಬಂತು. ನಾಲ್ಕು ಜನ ಹೊತ್ತು ತಂದು ಅಡುಗೆಮನೆ ಬಾಗಿಲ ಪಕ್ಕ, ಮನೆ ಅಟ್ಟಿ ಇದ್ದ ಜಾಗದಲ್ಲೇ ಕೂರಿಸಿದರು. ಮಗ ಎಲ್ಲರ ಬೆರಳನ್ನೂ ಕಲಿಸಿದ. ಆಮೇಲೆ ಫೋನು ಹಿಡಿದು ಅಮ್ಮನ ಎದುರು ಕುಕ್ಕರುಗಾಲಲ್ಲಿ ಕೂತ. "ಯಾವ ಖಾನೆ ಯಾರದು ಅಂತ ಹೇಳು, ಬರ್ಕೋತೀನಿ."

"ಗುಂಡಿ ನೋಡಿದ್ರೆ ನಂಗೆ ಗೊತ್ತಾಗುತ್ತೆ."

"ನಿಂಗೆ ಗೊತ್ತಾಗುತ್ತೆ. ನಾಳೆ ನಿಂಗೆ ಜ್ವರ ಬಂದು ಮಲಗಿದ್ರೆ ಯಾವ ಗುಂಡಿ ಯಾರದು ಅಂತ ಯಾರನ್ನ ಕೇಳಲಿ? ಕೋಳೀನಾ?"

ಮಾತಿನಲ್ಲಿ ಹುರುಳಿತ್ತು. ಅತ್ತೆ ಒಂದೊಂದೇ ಗಂಟು ಎತ್ತಿಕೊಡುತ್ತ, ದನಿ ತಗ್ಗಿಸಿ ಹೇಳುತ್ತ ಹೋದರು. ತೋಟದ ತುದಿಮನೆಯವಳು. ಕುಂಟು ಕಾಲಿನವಳು. ಅವಳಿ ಮಕ್ಕಳ ತಾಯಿ. ಏಳನೆಯ ಗಂಟಿಗೆ, ಮೀನಿನ ಗುಂಡಿಯದಕ್ಕೆ, ತಡೆದರು.

"ಬಾತಿನವಳು."

ಮಗ ತಲೆ ಎತ್ತಿದ. ಮಂಡಿಗೆ ಬಾತುಕೋಳಿ ಮೊಟ್ಟೆ ತರುವವಳು ಒಬ್ಬಳೇ. ಅವರ ವ್ಯಾನಿನ ಡ್ರೈವರನ ಹೆಂಡತಿ. "ನಮ್ಮ ಡ್ರೈವರ್ ಹೆಂಡ್ತೀನಾ? ಅವನಿಗೆ ಗೊತ್ತಾ?"

"ಗೊತ್ತಿದ್ರೆ ಇಲ್ಯಾಕೆ ಇಡ್ತಿದ್ಲು?"

ಡ್ರೈವರ್ ಕೆಟ್ಟವನಲ್ಲ. ಕುಡಿಯುತ್ತಿರಲಿಲ್ಲ, ಕೈ ಎತ್ತುತ್ತಿರಲಿಲ್ಲ. ಅವನಿಗಿದ್ದದ್ದು ಹಳೆ ಎಂಜಿನ್ನಿನ ಹುಚ್ಚು. ಎಲ್ಲಾದರೂ ಕೆಟ್ಟು ನಿಂತ ಮೋಟಾರು, ಪಂಪು ಕಂಡರೆ ಸಾಕು, ಕೈಲಿದ್ದದ್ದು ಕೊಟ್ಟು ಹೊತ್ತು ತರುತ್ತಿದ್ದ. ಅಂಗಳದಲ್ಲಿ ಐದು ಎಂಜಿನ್ನು ಮಲಗಿದ್ದವು, ಐದೂ ಓಡುತ್ತಿರಲಿಲ್ಲ. ಇದೊಂದು ಓಡಿಬಿಟ್ಟರೆ ಮಾರಿ ಮನೆಗೆ ಹೆಂಚು ಹೊದಿಸುತ್ತೇನೆಂದು ಹನ್ನೆರಡು ವರ್ಷದಿಂದ ಹೇಳುತ್ತಿದ್ದ. ಅವರ ಮಗಳು ಶಾಲೆ ಮುಗಿಸಿ, ಹಲ್ಲಿನ ಸೆಟ್ಟು ತಯಾರಿಸುವ ಕೆಲಸ ಕಲಿಯುವ ತರಬೇತಿಗೆ ಆಯ್ಕೆಯಾಗಿದ್ದಳು. ಮೊದಲ ಕಂತಿನ ಫೀಸು ತಿಂಗಳ ಕೊನೆಯ ಶುಕ್ರವಾರದೊಳಗೆ ಕಟ್ಟಬೇಕು. ಬಾತಿನವಳು ಎರಡು ವರ್ಷದಿಂದ ಆ ಗಂಟಿಗೆ ಹಾಕುತ್ತ ಬಂದದ್ದು ಅದಕ್ಕೇ.

"ಹಲ್ಲು ಮಾಡೋದಾ? ಬೇಗ ಕಲೀಲಿ," ಎಂದು ಮಾವ ತಮ್ಮ ಬೋಳು ಒಸಡು ಸವರಿಕೊಂಡರು.

"ಟೀ ಅಂಗಡೀಲಿ ಹೇಳಿದ್ರೆ ನೋಡಿ!" ಎಂದು ಅತ್ತೆ ಗದರಿದರು.

"ನಾನೇನು ಡ್ರೈವರಿಗೆ ಹೇಳ್ತೀನಾ, ಬಿಡಮ್ಮ," ಎಂದು ಮಗ ಫೋನಿನಲ್ಲಿ ಏಳನೇ ಖಾನೆಗೆ 'ಬಾತು' ಎಂದು ಬರೆದ.

ಅವನು ಹೇಳಲೂ ಇಲ್ಲ.

ಮುಂದಿನ ವಾರ ಮಗುವಿಗೆ ಲಸಿಕೆ ಹಾಕಿಸಬೇಕಿತ್ತು. ಸೊಸೆ ಅದನ್ನು ತೊಡೆಯ ಮೇಲೆ ಕೂರಿಸಿಕೊಂಡು ವ್ಯಾನಿನಲ್ಲಿ ಡ್ರೈವರ್ ಪಕ್ಕ ಕೂತಳು. ಆಸ್ಪತ್ರೆಯ ದಾರಿಯಲ್ಲಿ ಒಂದು ಮೈಲಿ ಬರೀ ಹಳ್ಳ ದಿಣ್ಣೆ. ಅಲ್ಲಿಗೆ ಬಂದಾಗ ಗಂಡ ಹಿಂದಕ್ಕೆ ಹೋಗಿ ಮೊಟ್ಟೆ ಅಟ್ಟಿಗಳನ್ನು ಎರಡೂ ತೋಳಲ್ಲಿ ತಬ್ಬಿಕೊಂಡು ನಿಲ್ಲುತ್ತಿದ್ದ. ಅವನ ಫೋನು ಮುಂದೆ, ಸ್ಟೇರಿಂಗಿನ ಪಕ್ಕದ ಹಿಡಿಕೆಯಲ್ಲಿ ಕೂತಿರುತ್ತಿತ್ತು. ಏನಾದರೂ ಸುದ್ದಿ ಬಂದರೆ ಡ್ರೈವರ್ ವ್ಯಾನು ನಿಧಾನ ಮಾಡಿ ಗಟ್ಟಿಯಾಗಿ ಓದುವುದು, ಗಂಡ ಹಿಂದಿನಿಂದ ಉತ್ತರ ಕೂಗುವುದು. ಎಂಟು ವರ್ಷದಿಂದ ಅವರ ವ್ಯವಹಾರ ನಡೆದದ್ದೇ ಹಾಗೆ. ಎಷ್ಟು ಟ್ರೇ ಯಾರಿಗೆ ಬೇಕೆಂಬುದು ಯಜಮಾನನಿಗಿಂತ ಮೊದಲು ಡ್ರೈವರಿಗೇ ತಿಳಿಯುತ್ತಿತ್ತು.

ಫೋನು ಟಿಣ್ ಎಂದಿತು.

"ಯಜಮಾನ್ರೇ, ನಿಮ್ಮ ಪೆಟ್ಟಿಗೆ ಮಾತಾಡ್ತಿದೆ," ಎಂದು ಡ್ರೈವರ್ ಕಣ್ಣು ಕಿರಿದು ಮಾಡಿದ. "ಖಾನೆ ಏಳು. ಬಾತು. ತೆರೆಯಲಾಗಿದೆ. ಹತ್ತು ಗಂಟೆ ಹನ್ನೆರಡು ನಿಮಿಷ."

ಸೊಸೆ ಹಿಂದಕ್ಕೆ ತಿರುಗಿ ನೋಡಿದಳು. ಹಿಂದಿನಿಂದ ಟ್ರೇಗಳು ಗರಗರ ಅಂದದ್ದಷ್ಟೇ ಕೇಳಿಸಿತು.

"ಬಾತು ಅಂದ್ರೆ ಏನು ಯಜಮಾನ್ರೇ?"

"ಬಾತು... ಬಾತುಮೊಟ್ಟೆ!" ಎಂದು ಗಂಡ ಕೂಗಿದ. "ಬಾತುಮೊಟ್ಟೆ ದುಡ್ಡು ಬೇರೆ ಇಡ್ತೀವಿ. ಲೆಕ್ಕಕ್ಕೆ."

"ಬಾತುಮೊಟ್ಟೆ ತರೋದು ನಮ್ಮವಳೊಬ್ಬಳೇ ಅಲ್ವಾ? ದಿನಕ್ಕೆ ಎಂಟೋ ಹತ್ತೋ ಮೊಟ್ಟೆ. ಅದಕ್ಕೊಂದು ಖಾನೇನಾ?" ಡ್ರೈವರ್ ನಕ್ಕ. ನಕ್ಕು ಸುಮ್ಮನಾದ. ಹಳ್ಳವೊಂದನ್ನು ಬಳಸಿ ಹೋದ ಮೇಲೆ, "ಹತ್ತು ಗಂಟೆಗೆ ಅವಳು ಅಲ್ಲೇ ಇರ್ತಾಳೆ ಅಲ್ವಾಮ್ಮಾ?" ಎಂದು ಸೊಸೆಯನ್ನು ಕೇಳಿದ.

"ಎಲ್ಲರೂ ಇರ್ತಾರೆ ಆ ಹೊತ್ತಿಗೆ," ಎಂದಳು ಸೊಸೆ. ಮಗು ಸುಮ್ಮನಿದ್ದರೂ, "ಅಳಬೇಡ ಪುಟ್ಟಿ, ಅಳಬೇಡ," ಎಂದು ಅದರ ಬೆನ್ನು ತಟ್ಟಿದಳು.

ಮರುದಿನ ಬಾತಿನವಳು ಮುಂಬಾಗಿಲಿಗೆ ಬರಲಿಲ್ಲ. ವ್ಯಾನು ಹೊರಟ ಸದ್ದು ಕೇಳಿದ ಮೇಲೆ ಹಿತ್ತಲಿನಿಂದ ಅಡುಗೆಮನೆಗೆ ಬಂದಳು. ಎತ್ತರದ ಹೆಂಗಸು. ಸೊಸೆಗಿಂತ ಹತ್ತು ವರ್ಷ ದೊಡ್ಡವಳು. ಬುಟ್ಟಿ ಇಳಿಸದೆ ನಿಂತೇ ಮಾತಾಡಿದಳು.

"ದೊಡ್ಡಮ್ಮ, ನನ್ನ ಗಂಟು ಕೊಟ್ಬಿಡಿ."

"ಏನಂದ ನಿನ್ನ ಗಂಡ?"

"ನಿನಗೆ ಅಲ್ಲಿ ಖಾನೆ ಇದೆಯಂತೆ, ದೊಡ್ಡ ಮನುಷ್ಯಳಾಗಿದೀಯ ಅಂದ. ನಗ್ತಾನೇ ಅಂದ. ನಾನೂ ನಗ್ತಾ, ಮೊಟ್ಟೆ ಲೆಕ್ಕ ಇರಬೇಕು ಅಂದೆ. ಊಟ ಮಾಡ್ತಾ ಮತ್ತೆ ಕೇಳಿದ. ಕೈ ತೊಳೀತಾ ಇನ್ನೊಂದ್ಸಲ ಕೇಳಿದ."

"ಮನೇಲಿ ಎಲ್ಲಿಡ್ತೀಯ?"

"ಅದೇ ತಿಳೀತಿಲ್ಲ. ಅವನು ದುಡ್ಡು ಹುಡುಕೋನಲ್ಲ ದೊಡ್ಡಮ್ಮ. ನಟ್ಟು, ಬೋಲ್ಟು, ವಾಷರು ಹುಡುಕ್ತಾನೆ. ಮನೇಲಿರೋ ಒಂದು ಡಬ್ಬೀನೂ ಬಿಡಲ್ಲ. ಉಪ್ಪಿನ ಡಬ್ಬಿಗೂ ಕೈ ಹಾಕ್ತಾನೆ. ದುಡ್ಡು ಸಿಕ್ರೆ ಆರನೇ ಎಂಜಿನ್ನು ಬರುತ್ತೆ. ಆಗಲೇ ಎಲ್ಲೋ ಒಂದು ನೋಡಿ ಬಂದಿದಾನೆ. ಫೀಸು ಕಟ್ಟಿದ ಮೇಲೆ ನಾನೇ ಹೇಳ್ತೀನಿ. ಕಟ್ಟಿದ್ದನ್ನ ವಾಪಸ್ ತರೋಕಾಗಲ್ಲವಲ್ಲ. ಅಲ್ಲೀವರೆಗೆ ಮೂರು ವಾರ ದಾಟಬೇಕು."

ಅತ್ತೆ ತಿಜೋರಿಯ ಕಡೆ ನೋಡಿದರು. ಎದ್ದು ಬೆರಳಿಡಲು ಹೋಗಿ ಕೈ ಹಿಂದಕ್ಕೆ ತೆಗೆದುಕೊಂಡರು. ತೆರೆದರೆ ಈಗಲೇ ವ್ಯಾನಿನಲ್ಲಿ ಟಿಣ್ ಅನ್ನುತ್ತದೆ. "ನನ್ನ ಟ್ರೇ ಮಾತಾಡ್ತಿರಲಿಲ್ಲ," ಎಂದರು. ಅವರ ಮುಖ ಕಪ್ಪಿಟ್ಟಿತ್ತು.

ಸೊಸೆ ಬುಟ್ಟಿಗೆ ಕೈ ಹಾಕಿ ಬಾತುಮೊಟ್ಟೆಗಳನ್ನು ಎತ್ತಿಡತೊಡಗಿದಳು. "ಅಕ್ಕ, ಇವತ್ತೊಂದು ದಿನ ಬಿಡು. ನಾಳೆ ಇದೇ ಹೊತ್ತಿಗೆ ಬಾ."

ಅವತ್ತಿನ ಊಟಕ್ಕೆ ಸೊಸೆ ಗಂಡನ ತಟ್ಟೆಗೆ ಬಡಿಸಿ, ತಾನು ಕೂರದೆ ನಿಂತಳು.

"ಏನು?" ಎಂದ ಗಂಡ.

"ಆ ಪೆಟ್ಟಿಗೇಲಿ ನಿಮ್ಮ ಹೆಸರು ತೆಗೀರಿ."

"ಯಾಕೆ, ನಾನೇನು ಕದ್ದೆನಾ? ಫೋನು ಇನ್ಮೇಲೆ ಜೇಬಲ್ಲಿ ಇಟ್ಕೋತೀನಿ, ಮುಗೀತಲ್ಲ."

"ಎಂಟು ವರ್ಷ ಅವನ ಕೈಲಿ ಓದಿಸಿ ಈಗ ಜೇಬಲ್ಲಿ ಇಟ್ಕೊಂಡ್ರೆ ಅವನಿಗೆ ಇನ್ನೂ ಅನುಮಾನ ಬರುತ್ತೆ. ಫೋನು ಅಲ್ಲೇ ಇರಲಿ. ಸುದ್ದಿ ಬೇರೆ ಕಡೆ ಬರಲಿ."

"ಬೇರೆ ಕಡೆ ಅಂದ್ರೆ ನಿನ್ನ ಕಡೆ."

"ಹೌದು, ನನ್ನ ಕಡೆ. ದಿನಾ ಬೆಳಿಗ್ಗೆ ಆ ಹೆಂಗಸರ ಮುಖ ನೋಡೋಳು ನಾನು. ಅವರ ಬುಟ್ಟಿ ಇಳಿಸೋಳು ನಾನು. ನೀವು ವ್ಯಾನಲ್ಲಿ ಮೊಟ್ಟೆ ತಬ್ಕೊಂಡು ಊರು ಸುತ್ತೋರು."

"ನಾಳೆ ಅಂಗಡಿ ದುಡ್ಡು ತೆಗೆದ್ರೂ ನಂಗೆ ತಿಳಿಯಲ್ಲ!"

"ನಾನು ತೆಗೆದು ಎಲ್ಲಿಗ್ರೀ ಹೋಗಲಿ? ಅಡುಗೆಮನೆಗೆ?"

ಮಾವ ನಡುವೆ ಬಾಯಿ ಹಾಕಿದರು. "ಹಾಳಾದ್ದು ವಾಪಸ್ ಕಳಿಸ್ರೋ. ಮತ್ತೆ ಟ್ರೇಲೇ ಇಡ್ಲಿ."

"ಮತ್ತೆ ಬೇಕರಿಗೆ ಹೋಗ್ಲಿ ಅಂತಾನಾ?" ಎಂದು ಮಗ ಗದರಿದ.  ಆಮೇಲೆ ಅವನು ತಟ್ಟೆ ನೋಡುತ್ತಲೇ ಹೇಳಿದ. "ಇವತ್ತು ದಾರಿಯುದ್ದಕ್ಕೂ ಅದೇ ಕೇಳ್ದ ಅವನು. ಬಾತುಮೊಟ್ಟೆಗೆ ರೇಟು ಜಾಸ್ತಿ ಆಗಿದೆಯಾ, ಖಾನೆ ಬೀಗದಕೈ ಯಾರ ಹತ್ರ ಇರುತ್ತೆ ಅಂತ. ಏನೇನೋ ಸುಳ್ಳು ಹೇಳ್ದೆ. ಅವನ ಮುಖ ನೋಡೋಕೆ ಆಗ್ಲಿಲ್ಲ ನಂಗೆ." ನೀರು ಕುಡಿದ. "ನಂಗೆ ಗೊತ್ತಾಗದೇ ಇದ್ದಿದ್ರೇ ಚೆನ್ನಾಗಿತ್ತು."

"ಅದಕ್ಕೇ ಹೇಳಿರಲಿಲ್ಲ ಕಣೋ," ಎಂದರು ಅತ್ತೆ.

ಕೈ ತೊಳೆದು ಬಂದು ಅವನು ತಿಜೋರಿ ಮಾರುವವನಿಗೆ ಫೋನು ಮಾಡಿದ. ಅವನು ಹೇಳಿದಂತೆ ಒಂದೊಂದೇ ಒತ್ತುತ್ತ ಹೋದ. ಮೊದಲು ಹೆಂಡತಿಯ ಹೆಸರು ಸೇರಿಸಿ, ತನ್ನನ್ನು ತೆಗೆದುಹಾಕು ಎಂದು ಒತ್ತಿದ. ಖಚಿತವೇ ಎಂದು ಕೇಳಿತು. ಹೌದೆಂದ. ಮುಂದೆ ಯಾವ ಸುದ್ದಿಯೂ ಬರುವುದಿಲ್ಲ, ಖಚಿತವೇ ಎಂದು ಮತ್ತೆ ಕೇಳಿತು.

"ಒಂದ್ಸಲ ಹೇಳಿದೆನಲ್ಲಪ್ಪಾ!" ಎಂದು ಫೋನಿಗೇ ರೇಗಿ ಒತ್ತಿಬಿಟ್ಟ.

ಸೊಸೆ ತನ್ನ ಫೋನಿನಲ್ಲಿ ಖಾನೆಗಳ ಹೆಸರನ್ನೆಲ್ಲ ಅಳಿಸಿ ಬರೀ ಅಂಕೆ ಉಳಿಸಿದಳು. ಗಂಡನ ಬೆರಳನ್ನು ಕೆಳಗಿನ ದೊಡ್ಡ ಖಾನೆಗೆ ಮಾತ್ರ ಬಿಟ್ಟಳು. "ಅತ್ತೆ, ನಿಮ್ಮ ಬೆರಳು ಎಲ್ಲದಕ್ಕೂ ಇರಲಿ."

"ನಾನು ತೆಗೆದಾಗೆಲ್ಲ ನಿಂಗೆ ತಿಳಿಯುತ್ತೆ."

"ತಿಳಿದ್ರೆ ಏನಾಯ್ತು?"

"ಏನಿಲ್ಲ. ಅಭ್ಯಾಸ ಇಲ್ಲ ಅಷ್ಟೇ." ಅತ್ತೆ ಬಟ್ಟಲುಗಳನ್ನು ಒಂದರೊಳಗೊಂದು ಸೇರಿಸಿದರು. "ನನ್ನದೂ ತೆಗೆದುಹಾಕು. ಬರೋರಿಗೆ ಇನ್ಮೇಲೆ ನೀನೇ ತೆಗೆದುಕೊಡು."

ಸೊಸೆಗೆ ಹಿತವಾಗಲಿಲ್ಲ. ಆದರೂ ತೆಗೆದಳು.

ಮರುದಿನ ಬಾತಿನವಳು ಎಲ್ಲವನ್ನೂ ಕೇಳಿಸಿಕೊಂಡಳು. ಬುಟ್ಟಿಯನ್ನು ಈ ಸಲ ಕೆಳಗಿಟ್ಟಳು, ಕೂರಲಿಲ್ಲ.

"ಅಂದ್ರೆ ಈಗ ಸುದ್ದಿ ನಿನ್ನ ಫೋನಿಗೆ ಬರುತ್ತೆ."

"ಹೌದಕ್ಕ."

"ನಿನ್ನ ಫೋನು ಯಾರ್ಯಾರ ಕೈಗೆ ಹೋಗುತ್ತೆ ತಂಗಿ?"

"ನನ್ನ ಹತ್ರಾನೇ ಇರುತ್ತೆ."

"ಗಂಡ?"

"ಅವರದು ಅವರಿಗಿದೆ."

"ಮಾವ?"

"ಮೋಡ ಇದೆಯಾ ಅಂತ ನೋಡೋಕೆ ಕೇಳ್ತಾರೆ."

"ಕೊಡ್ತೀಯ?"

"ಕೊಡ್ತೀನಿ."

"ಮಗು?"

ಇಲ್ಲ ಎಂದುಬಿಡುವುದು ಸುಲಭವಿತ್ತು. ಸೊಸೆ ಅತ್ತೆಯ ಕಡೆ ನೋಡಿದಳು. ಅತ್ತೆ ಮೊಟ್ಟೆ ಆರಿಸುವುದರಲ್ಲಿ ಮುಳುಗಿದವರಂತೆ ಕೂತಿದ್ದರು.

"ಊಟಕ್ಕೆ ಕೂತಾಗ ಕೊಡ್ತೀನಿ. ಬೊಂಬೆ ಚಿತ್ರ ಓಡದೆ ಇದ್ರೆ ಬಾಯೇ ಬಿಡಲ್ಲ."

"ಕೊಟ್ರೆ ಅದನ್ನ ಹಿಡ್ಕೊಂಡು ಮಂಡಿಗೆ ಓಡುತ್ತೆ. ವ್ಯಾನು ತೊಳೀತಿರೋನಿಗೆ ನೋಡು ಮಾಮ, ಬೆಕ್ಕು ನೋಡು ಅಂತ ತೋರಿಸುತ್ತೆ. ಅವನು ಮನೆಗೆ ಬಂದು ಹೇಳಿ ನಗ್ತಾನೆ. ಎಷ್ಟು ಸಲ ಹೇಳಿದಾನೆ ಗೊತ್ತಾ?" ಬಾತಿನವಳ ದನಿಯಲ್ಲಿ ಸಿಟ್ಟಿರಲಿಲ್ಲ. "ನಿನ್ನ ತಪ್ಪಲ್ಲ ತಂಗಿ. ನಾನು ಹೇಳ್ತಿರೋದು, ಹೆಸರು ಯಾರದಾದ್ರೇನು ಅಂತ."

"ಇವತ್ತಿಂದ ಕೊಡಲ್ಲ."

"ಅಳುತ್ತೆ."

"ಅಳಲಿ."

"ಮಾವ?"

"ಕಿಟಕೀಲಿ ಆಕಾಶ ಕಾಣುತ್ತೆ. ನೋಡ್ಕೊಳ್ಳಲಿ."

ಒಳಗೆ ದೀಪದ ಹತ್ತಿರ ಮಾವ ಕೆಮ್ಮಿದರು. ಬಾತಿನವಳು ಸೊಸೆಯನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿದಳು. "ನಾಲ್ಕು ದಿನ ಬಿಟ್ಟು ನೋಡ್ತೀನಿ," ಎಂದು ಬುಟ್ಟಿ ಎತ್ತಿಕೊಂಡಳು. ಗಂಟು ಕೇಳಲಿಲ್ಲ.

ಆ ನಾಲ್ಕು ದಿನ ಮನೆಯಲ್ಲಿ ನೆಮ್ಮದಿಯಾಗಿ ಒಂದು ಊಟ ಆಗಲಿಲ್ಲ. ಮೊದಲ ದಿನ ಪುಟ್ಟಿ ತಟ್ಟೆ ಬೋರಲು ಹಾಕಿದಳು. ಎರಡನೆಯ ದಿನ ಕೆನ್ನೆಯಲ್ಲಿ ತುತ್ತು ಇಟ್ಟುಕೊಂಡು ಅರ್ಧ ಗಂಟೆ ಕೂತಳು. ಗಂಡ, "ಐದು ನಿಮಿಷ ಕೊಟ್ಟುಬಿಡೇ, ಕಿವಿ ಕಿತ್ತುಹೋಗ್ತಿದೆ," ಎಂದ. "ನಿಮ್ಮದು ಕೊಡಿ," ಎಂದಳು ಸೊಸೆ. ಅವನದರಲ್ಲಿ ಬೊಂಬೆ ಚಿತ್ರ ಹಾಕಿಕೊಟ್ಟರೆ ಆ ಫೋನು ಬೇಡ, ಅಮ್ಮನದೇ ಬೇಕು ಎಂದು ಮಗು ರಚ್ಚೆ ಹಿಡಿಯಿತು. ಮೂರನೆಯ ದಿನ ಮಾವ ಬಾಗಿಲಿಗೆ ಬಂದು, "ಮಳೆ ಬರುತ್ತಾ ಅಂತ ಕೇಳಬಹುದೋ, ಅದೂ ಗುಟ್ಟೋ?" ಎಂದು ಕುಟುಕಿದರು. ಸೊಸೆ ಫೋನನ್ನು ತಾನೇ ಹಿಡಿದುಕೊಂಡು ಓದಿ ಹೇಳಿದಳು. ನಾಲ್ಕನೆಯ ದಿನ ಅತ್ತೆ ಮಗುವನ್ನು ಹಿತ್ತಲಿಗೆ ಎತ್ತಿಕೊಂಡು ಹೋದರು. ಸೊಸೆ ಹೋಗಿ ನೋಡಿದಾಗ ಅದು ಪಕ್ಕದ ಮನೆಯ ಕೋಳಿಗೆ ಒಂದು ತುತ್ತು ಹಾಕುವುದು, ತಾನೊಂದು ತಿನ್ನುವುದು ನಡೆಸಿತ್ತು. ಕೋಳಿಗೇ ಹೆಚ್ಚು ಸಿಕ್ಕಿತ್ತು. ಆದರೂ ತಟ್ಟೆ ಖಾಲಿಯಾಗಿತ್ತು.

ಐದನೆಯ ದಿನ ಬಾತಿನವಳು ಬಂದಳು. ಮೊಟ್ಟೆ ಇಳಿಸಿದಳು, ದುಡ್ಡು ತಗೊಂಡಳು. ಅದರಲ್ಲಿ ಎರಡು ನೋಟು ಬೇರೆ ಮಾಡಿ ಗಲ್ಲಾದ ಮೇಲಿಟ್ಟು, "ಅದರ ಜೊತೆ ಸೇರಿಸು" ಎಂದಳು. ಯಾರ ಕಡೆಗೂ ನೋಡದೆ ಹೊರಟುಹೋದಳು.

ತಿಂಗಳ ಕೊನೆಯ ಶುಕ್ರವಾರ ಬೆಳಿಗ್ಗೆ ವ್ಯಾನು ಹೊರಟು ತಿರುವು ದಾಟಿದ ಮೇಲೆ ಸೊಸೆ ಏಳನೇ ಖಾನೆಗೆ ಬೆರಳಿಟ್ಟಳು. ಜೇಬಿನಲ್ಲಿ ಫೋನು ಟಿಣ್ ಎಂದಿತು. ಬಾತಿನವಳ ಮಗಳು ಹಿತ್ತಲ ಬಾಗಿಲಲ್ಲಿ ನಿಂತಿದ್ದಳು. ತಲೆಗೆ ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದಿದ್ದಳು. ಕೈಯಲ್ಲಿ ಕಾಗದಗಳ ಚೀಲ. ಭಯಕ್ಕೋ ಏನೋ ಅತ್ತೆ ಕೊಟ್ಟ ಟೀ ಕುಡಿಯಲಿಲ್ಲ. ತಾಯಿ ಗಂಟು ಬಿಚ್ಚಿ ನೋಟುಗಳನ್ನು ಮಗಳ ಚೀಲದ ತಳಕ್ಕೆ ಇಳಿಸಿ, ಮೇಲೆ ಕಾಗದಗಳನ್ನು ಒತ್ತಿದಳು. ಇಬ್ಬರೂ ಬಸ್ಸಿಗೆ ಹೋದರು.

ಅದೇ ದಿನ ತಿಜೋರಿಯ ತಿಂಗಳು ಮುಗಿಯುತ್ತಿತ್ತು. ಮಾರುವವನು ಮಧ್ಯಾಹ್ನ ಒಂದರ ಹೊತ್ತಿಗೆ ಬಂದ. ವ್ಯಾನು ಆಗ ತಾನೇ ಮರಳಿತ್ತು. ಡ್ರೈವರ್ ಹೊರಗೆ ಬಕೆಟ್ಟಿನಲ್ಲಿ ನೀರು ತುಂಬಿಕೊಂಡು ಚಕ್ರ ತೊಳೆಯುತ್ತಿದ್ದ. ಗಂಡ ಖಾಲಿ ಟ್ರೇಗಳನ್ನು ಪೇರಿಸುತ್ತಿದ್ದ.

"ಹಿಡಿಸ್ತಲ್ಲ ಸರ್? ಇಟ್ಕೋತೀರಿ ತಾನೇ?"

"ಅವಳನ್ನ ಕೇಳಿ," ಎಂದ ಗಂಡ.

"ಇಟ್ಕೋತೀವಿ," ಎಂದಳು ಸೊಸೆ.

ಮಾರುವವನು ಹುರುಪಿನಿಂದ ಟ್ಯಾಬು ತೆಗೆದ. "ಹಾಗಾದ್ರೆ ಇನ್ನೊಂದು ಅನುಕೂಲ ಇದೆಯಮ್ಮ. ತಿಂಗಳಿಗೆ ಸ್ವಲ್ಪವೇ ಜಾಸ್ತಿ. ಸುದ್ದಿ ಮೂರು ಫೋನಿಗೆ ಒಟ್ಟಿಗೆ ಹೋಗುತ್ತೆ. ನಿಮಗೆ, ಯಜಮಾನರಿಗೆ, ಬೇಕಾದ್ರೆ ಮಾವನವರಿಗೂ."

"ಒಂದೇ ಸಾಕು."

"ಯಜಮಾನರಿಗೆ ಬೇಡ್ವಾ?"

ಗಂಡ ಟ್ರೇಯಿಂದ ತಲೆ ಎತ್ತಲಿಲ್ಲ. "ಯಜಮಾನರಿಗೆ ಬೇಡವಂತೆ. ಬರ್ಕೊಳ್ಳಿ."

ಸೊಸೆ ಸಹಿ ಹಾಕುತ್ತಿದ್ದಾಗ ಹಿತ್ತಲ ಬಾಗಿಲು ಸರಿಯಿತು. ಬಾತಿನವಳು ಒಬ್ಬಳೇ ಬಂದಿದ್ದಳು, ಬಿಸಿಲಿಗೆ ಮುಖ ಕೆಂಪೇರಿತ್ತು. ಅತ್ತೆ ಕೂತಿದ್ದ ಮಣೆ ದಾರಿಯಲ್ಲೇ ಇತ್ತು. ಅವರನ್ನು ದಾಟಿ ನೇರವಾಗಿ ಗಲ್ಲಾದ ಹತ್ತಿರ ಬಂದಳು. ಸೆರಗಿನ ಒಳಗಿನಿಂದ ನಾಲ್ಕಾಗಿ ಮಡಿಸಿದ ಒಂದು ಕಾಗದ ತೆಗೆದಳು. ಫೀಸು ಕಟ್ಟಿದ ರಸೀದಿ.

"ಹೇಳೋಕೆ ಇನ್ನೊಂದೆರಡು ದಿನ ಬೇಕು ತಂಗಿ," ಎಂದಳು ಪಿಸುದನಿಯಲ್ಲಿ. "ಅಲ್ಲೀವರೆಗೆ ಇದನ್ನೂ ಅಲ್ಲೇ ಇಡು. ಮನೇಲಿ ಅವನು ಕೈ ಹಾಕದ ಡಬ್ಬಿ ಇಲ್ಲ."

ಅತ್ತೆ ಮಣೆಯ ಮೇಲಿಂದ ನೋಡುತ್ತಲೇ ಇದ್ದರು.

ಹೊರಗೆ ಬಕೆಟ್ಟಿನ ಸದ್ದಾಯಿತು. "ಅಮ್ಮಾ," ಎಂದು ಡ್ರೈವರ್ ಬಾಗಿಲ ಕಡೆಯಿಂದಲೇ ಕೂಗಿದ. "ನಮ್ಮವಳು ಒಳಗಿದಾಳಾ? ದನಿ ಕೇಳಿದ ಹಾಗಾಯ್ತು."

ಸೊಸೆ ರಸೀದಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ತಿಜೋರಿಯ ಕಡೆ ತಿರುಗಿದಳು.

"ಇದಾಳಪ್ಪಾ," ಎಂದು ಕೂಗಿದಳು. "ಮೊಟ್ಟೆ ಎಣಿಸ್ತಿದೀವಿ. ಬಂದ್ಲು ಇರು."